ದೂರು ಕೊಟ್ಟರೆ ನೆರವು ನಿಲ್ಲದು
(ಸ್ವಯಂಸೇವಕರ ತರಬೇತಿಯಲ್ಲಿ ಆಡಿದ ಮಾತುಗಳು)



ನಾವು ಹಂಚುವ ರೇಷನ್ ಕಿಟ್, ವಿದ್ಯಾರ್ಥಿವೇತನ ನಮ್ಮ ಸ್ವಂತದ್ದಲ್ಲ, ಅಮಾನತ್ತು. 2002ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ನೆರವು ಕಾರ್ಯಕರ್ತರೇ ಆಹಾರಕ್ಕೆ ಬದಲಾಗಿ ನಿರಾಶ್ರಿತ ಬಾಲಕಿಯರನ್ನು ಲೈಂಗಿಕವಾಗಿ ಶೋಷಿಸಿದ ಆರೋಪಗಳು ಬಯಲಾದವು. 2003ರಲ್ಲಿ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ಇದನ್ನು ನಿಷೇಧಿಸಿತು. ಸಂಶಯ ಬಂದರೂ ವರದಿ ಮಾಡಬೇಕೆಂದಿತು.

ನಾವೂ ಹಾಗೆಯೇ ನಡೆಯೋಣ. ಮನೆ ಭೇಟಿಗೆ ಇಬ್ಬರು ಹೋಗೋಣ. "ಆಯ್ಕೆ ನನ್ನ ಕೈಯಲ್ಲಿದೆ" ಎಂದು ಯಾರೂ ಹೇಳಬಾರದು. ದೂರು ಬಂದರೆ ರಾಜಿ ಪಂಚಾಯಿತಿ ಬೇಡ. 18ರೊಳಗಿನ ಮಕ್ಕಳಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098.

ವೇತನ ನಿಂತೀತೆಂಬ ಭಯವೇ ಹೆಣ್ಣುಮಕ್ಕಳ ಬಾಯಿ ಕಟ್ಟುತ್ತದೆ. ದೂರು ಕೊಟ್ಟವಳ ವಿದ್ಯಾರ್ಥಿವೇತನ ನಿಲ್ಲದು ಎಂಬುದನ್ನು ಪ್ರತಿ ಮನೆಗೂ ತಿಳಿಸೋಣ.