ನಾವು ವಲಸೆ ಬಂದವರಲ್ಲ
(ಅಸಂಗಿಯಲ್ಲಿ ವಿದ್ಯಾರ್ಥಿಗಳು, ಪಾಲಕರ ಮುಂದೆ ಆಡಿದ ಮಾತು)



ಕಾಲೇಜಿಗೆ ಸಾಂಗಲಿ, ಪುಣೆಗೆ ಹೋದ ನಮ್ಮ ಹುಡುಗರ ಮೊಬೈಲಿಗೆ ಬರೋ ಮಾತು ನಿಮಗ ಗೊತ್ತೈತಿ: “ಮಹಾರಾಷ್ಟ್ರದಾಗ ಇರೋದಾದ್ರ ಮರಾಠಿ ಮಾತಾಡು, ಇಲ್ಲಂದ್ರ ಕರ್ನಾಟಕಕ್ಕ ನಡಿ.”

ನಾವು ಎಲ್ಲಿಂದಲೂ ಬಂದವರಲ್ಲ. 1956ರಲ್ಲಿ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು, ಜತ್ತ ಮುಂಬೈ ರಾಜ್ಯದಾಗ ಉಳೀತು. ನಮ್ಮ ಮನಿ, ಹೊಲ, ಭಾಷೆ ಇದ್ದಲ್ಲೇ ಇದ್ದವು. ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿಯೇ ಹೇಳುತ್ತದೆ.

ಮರಾಠಿ ನಮಗೂ ಬರತೈತಿ, ಸಂತ್ಯಾಗ, ಕಚೇರ್ಯಾಗ ಖುಷಿಯಿಂದ ಆಡತೀವಿ. ಆದ್ರ ಕಲಿಯೋದು ಬ್ಯಾರೆ, ಹೆದರಿಸಿ ಆಡಿಸೋದು ಬ್ಯಾರೆ.

ಈಗ ನಮ್ಮ ತಪ್ಪೂ ಹೇಳಬೇಕು. ಬೆಂಗಳೂರಿಗೆ ಕೂಲಿಗೆ ಬಂದ ಬಿಹಾರದ ಹುಡುಗನ್ನ “ಕನ್ನಡ ಬರದಿದ್ರ ಊರಿಗೆ ನಡಿ” ಅಂತ ಬೈಯೋ ವಿಡಿಯೋ ನಾವೇ ಫಾರ್ವರ್ಡ್ ಮಾಡತೀವಿ. ಮಾತು ಅದೇ, ಭಾಷೆ ಅಷ್ಟೇ ಬ್ಯಾರೆ. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಹತ್ತಿರ ಕನ್ನಡ ಕಂಡಕ್ಟರನ್ನ ಹೊಡೆದರು; ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕನಿಗೆ ಮಸಿ ಬಳಿದರು. ಎರಡೂ ರಾಜ್ಯಗಳ ಬಸ್ಸು ನಿಂತವು. ತ್ರಾಸು ಆಗಿದ್ದು ಗಡಿ ದಾಟೋ ಬಡವರಿಗೆ.

ಬ್ಯಾಂಕಿನ ಕೌಂಟರಿನಲ್ಲಿ ಕೂಡುವ ನಮ್ಮಂಥವರು ಜನರ ಭಾಷೆ ಕಲೀಲೇಬೇಕು, ಅದು ಕೆಲಸ. ಪಾಸ್‌ಬುಕ್ ಹಿಡಕೊಂಡು ನಿಂತ ಆಯಿಗೆ “ನಮ್ಮ ಭಾಷೆ ಕಲಿತು ಬಾ” ಅನ್ನೋ ಹಕ್ಕು ನಮಗಿಲ್ಲ. ಕುರ್ಚಿ ಮ್ಯಾಲೆ ಕೂತವರು ಕಲೀಬೇಕು, ಎದುರಿಗೆ ನಿಂತವರನ್ನ ಹೆದರಿಸಬಾರದು. ಈ ನಿಯಮ ಜತ್ತಕ್ಕೂ ಒಂದೇ, ಬೆಂಗಳೂರಿಗೂ ಒಂದೇ.

ತಮ್ಮಂದಿರೇ, ತಂಗ್ಯಾರೇ, ಬೈಗುಳಕ್ಕ ಬೈಗುಳ ಬರೀಬ್ಯಾಡ್ರಿ. ಸ್ಕ್ರೀನ್‌ಶಾಟ್ ತಗೊಂಡು ಪ್ರಾಂಶುಪಾಲರಿಗೆ ಲಿಖಿತ ದೂರು ಕೊಡ್ರಿ, ನಾವು ಜೊತಿಗೆ ಬರತೀವಿ. ಪಾಲಕರೇ, ಮಕ್ಕಳನ್ನ ಕನ್ನಡ ಶಾಲಿಗೆ ಕಳಸ್ರಿ. ಪಟ್ಟಿಯಾಗ ಮಕ್ಕಳ ಹೆಸರು ಇದ್ರನ ಶಾಲಿ ಉಳೀತೈತಿ.

ಜೈ ಕನ್ನಡಾಂಬೆ.