ಕಲೆಗೆ ಜಾಮೀನು ನಿಲ್ಲುವವರು

(ಉಡುಪಿಯಲ್ಲಿ ಹವ್ಯಾಸಿ ಯಕ್ಷಗಾನ ಕಲಾವಿದರ ಕೂಟವೊಂದರಲ್ಲಿ ನಮ್ಮ ವರದಿಗಾರರು ನೀಡಿದ ಉಪನ್ಯಾಸದ ಬರಹ ರೂಪ)



ಯಕ್ಷಗಾನದ ಬಗ್ಗೆ ನಿಮ್ಮೆದುರು ಮಾತನಾಡುವ ಅರ್ಹತೆ ನನಗಿಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ವರದಿಗಾರನಾಗಿ ಕೆಲವೇ ವರ್ಷಗಳಾದವು. ಆದ್ದರಿಂದ ಆಟದ ವಿಷಯವನ್ನು ನಿಮಗೇ ಬಿಟ್ಟು, ಆಟ ಕಡಲಾಚೆಗೆ ಹೋಗಬೇಕಾದರೆ ಬೇಕಾಗುವ ಕಾಗದಪತ್ರದ ವಿಷಯವನ್ನು ಹೇಳುತ್ತೇನೆ.

ಎರಡು ವರ್ಷಗಳ ಹಿಂದೆ ಒಬ್ಬ ಮದ್ದಳೆಗಾರರ ಮನೆಗೆ ಹೋಗಿದ್ದೆ. ಹೆಸರು ಬರೆಯುವುದು ಬೇಡ ಎಂದಿದ್ದಾರೆ. ಅಮೆರಿಕದಲ್ಲಿ ಕೆಲವು ಪ್ರದರ್ಶನಗಳಿಗೆ ಹೊರಟಿದ್ದ ತಂಡದಲ್ಲಿ ಅವರೂ ಇದ್ದರು. ಕರೆಸಿಕೊಳ್ಳುವವರು ಅಲ್ಲಿಂದ ಒಂದು ಪಟ್ಟಿ ಕಳುಹಿಸಿದರು. ಪತ್ರಿಕಾ ವಿಮರ್ಶೆ, ಕರಪತ್ರ, ಪ್ರಶಸ್ತಿಪತ್ರ, ತಜ್ಞರ ಅಭಿಪ್ರಾಯಪತ್ರ ಎಲ್ಲವೂ ಬೇಕು, ಇಂತಿಷ್ಟು ದಿನದೊಳಗೆ ಬೇಕು. ಮದ್ದಳೆಗಾರರು ಹಳೆಯ ಟ್ರಂಕು ತೆರೆದರು. ಸಿಕ್ಕಿದ್ದು ಎರಡು ಗುಂಪು ಫೋಟೊ, ಒಂದಷ್ಟು ಕರಪತ್ರ. ಕರಪತ್ರದಲ್ಲಿ ವೇಷಧಾರಿಗಳ ಹೆಸರಿತ್ತು, ಭಾಗವತರ ಹೆಸರಿತ್ತು, ಅವರ ಹೆಸರಿರಲಿಲ್ಲ. “ನಲವತ್ತು ವರ್ಷ ಬಾರಿಸಿದ್ದೇನೆ ಮಾರಾಯ. ಬಾರಿಸಿದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ?” ಎಂದು ನನ್ನನ್ನು ಕೇಳಿದರು. ಕೊನೆಗೆ ಕಾಗದಪತ್ರ ಸರಿಯಿದ್ದ ಇನ್ನೊಬ್ಬರು ಆ ಜಾಗದಲ್ಲಿ ಹೋದರು.

ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟೊಂದು ಸಾಕ್ಷಿಯನ್ನು ಕೇಳುವ ಕಾನೂನಾದರೂ ಯಾವುದು, ಅದು ಹೇಗೆ ಬಂತು ಎಂದು ಹುಡುಕಲು ಹೊರಟೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಗಣಿ, ಕಾರ್ಖಾನೆಗಳ ಮಾಲೀಕರು ಹೊರದೇಶಗಳಿಂದ ಕಡಿಮೆ ಕೂಲಿಗೆ ಆಳುಗಳನ್ನು ಕರಾರು ಮಾಡಿಕೊಂಡು ಕರೆತರುತ್ತಿದ್ದರು. ಸ್ಥಳೀಯ ಕಾರ್ಮಿಕರ ಒತ್ತಾಯದ ಮೇರೆಗೆ 1885ರಲ್ಲಿ ಇದನ್ನು ನಿಷೇಧಿಸುವ ಕಾಯಿದೆ ಬಂತು. ಆದರೆ ಅದೇ ಕಾಯಿದೆಯಲ್ಲಿ ಒಂದು ವಿನಾಯಿತಿ ಇತ್ತು. ವೃತ್ತಿನಿರತ ನಟರು, ಕಲಾವಿದರು, ಉಪನ್ಯಾಸಕರು ಮತ್ತು ಗಾಯಕರಿಗೆ ಈ ನಿಷೇಧ ಅನ್ವಯಿಸುತ್ತಿರಲಿಲ್ಲ. ಕಲಾವಿದ ಕೂಲಿಯಾಳಲ್ಲ, ಅವನಿಂದ ಯಾರ ಅನ್ನಕ್ಕೂ ಕುತ್ತಿಲ್ಲ ಎಂಬುದು ಅಂದಿನ ಭಾವನೆ. ಉದಯಶಂಕರ್ ಅವರ ನೃತ್ಯ ತಂಡ 1932ರ ಕೊನೆಯಲ್ಲಿ ನ್ಯೂಯಾರ್ಕ್ ತಲುಪಿದಾಗ ಅವರನ್ನು ಕರೆಸಿದವರು ಸಾಲ್ ಹ್ಯೂರಾಕ್ ಎಂಬ ಪ್ರಸಿದ್ಧ ಪ್ರದರ್ಶನ ವ್ಯವಸ್ಥಾಪಕರು. ಆ ತಂಡದಲ್ಲಿ ಹನ್ನೆರಡರ ಬಾಲಕ ರವಿಶಂಕರ್ ಕೂಡ ಇದ್ದರು.

ಆದರೆ ಕಲಾವಿದನಿಂದ ಯಾರ ಅನ್ನಕ್ಕೂ ಕುತ್ತಿಲ್ಲ ಎಂಬ ಮಾತನ್ನು ಸ್ಥಳೀಯ ಕಲಾವಿದರು ಒಪ್ಪಲಿಲ್ಲ. ಇದಕ್ಕೆ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ನಡೆದ ಒಂದು ಪ್ರಸಂಗ ನಿದರ್ಶನ. ಅಮೆರಿಕದ ಜಾಝ್ ವಾದ್ಯವೃಂದಗಳು ಬ್ರಿಟನ್ನಿಗೆ ಹೋಗಿ ನುಡಿಸುತ್ತಿದ್ದವು; ಬ್ರಿಟಿಷ್ ವಾದ್ಯವೃಂದಗಳಿಗೆ ಅಮೆರಿಕದಲ್ಲಿ ಅಂಥ ಅವಕಾಶ ಸಿಗುತ್ತಿರಲಿಲ್ಲ. ಎರಡು ದೇಶಗಳ ಸಂಗೀತಗಾರರ ಸಂಘಗಳ ನಡುವಿನ ಈ ಜಗಳದಿಂದಾಗಿ 1935ರ ಸುಮಾರಿಗೆ ಅಮೆರಿಕನ್ ವೃಂದಗಳಿಗೆ ಬ್ರಿಟನ್ನಿನ ಬಾಗಿಲು ಮುಚ್ಚಿತು. ಅದು ಪುನಃ ತೆರೆದದ್ದು 1956ರಲ್ಲಿ. ಅತ್ತಣಿಂದ ಸ್ಟಾನ್ ಕೆಂಟನ್ ಅವರ ವೃಂದ, ಇತ್ತಣಿಂದ ಟೆಡ್ ಹೀತ್ ಅವರ ವೃಂದ ಎಂಬ ವಿನಿಮಯದ ಒಪ್ಪಂದವಾದ ಮೇಲೆ. ಇಪ್ಪತ್ತು ವರ್ಷ ಕಾಲ ಒಂದು ಪೀಳಿಗೆಯ ಬ್ರಿಟಿಷ್ ರಸಿಕರು ಜಾಝ್ ದಿಗ್ಗಜರ ವೃಂದಗಳನ್ನು ಹೆಚ್ಚಾಗಿ ಧ್ವನಿಮುದ್ರಿಕೆಗಳಲ್ಲೇ ಕೇಳಬೇಕಾಯಿತು. ಇಂದಿಗೂ ಅಮೆರಿಕದ ಕಲಾವಿದ ವೀಸಾ ಅರ್ಜಿಯೊಂದಿಗೆ ಆಯಾ ಕ್ಷೇತ್ರದ ಕಲಾವಿದರ ಸಂಘದ ಅಭಿಪ್ರಾಯಪತ್ರವನ್ನು ಕೇಳುವ ಪದ್ಧತಿಯ ಹಿಂದೆ ಇಂಥದೇ ಆತಂಕವಿದೆ.

1952ರ ವಲಸೆ ಕಾಯಿದೆ ‘ವಿಶಿಷ್ಟ ಅರ್ಹತೆ ಮತ್ತು ಸಾಮರ್ಥ್ಯ’ ಉಳ್ಳವರಿಗೆ ಎಚ್-1 ಎಂಬ ವರ್ಗವನ್ನು ಮಾಡಿತು. ಕಲಾವಿದರೂ ಬಹುಕಾಲ ಅದರಲ್ಲೇ ಹೋಗುತ್ತಿದ್ದರು. ಇಂದು ಜಾರಿಯಲ್ಲಿರುವ ವ್ಯವಸ್ಥೆ ಬಂದದ್ದು 1990ರ ಕಾಯಿದೆಯಿಂದ. ಅದು ಕಲಾವಿದರನ್ನು ಎಚ್-1ರಿಂದ ಬೇರ್ಪಡಿಸಿ ‘ಓ’ ಮತ್ತು ‘ಪಿ’ ಎಂಬ ಎರಡು ಹೊಸ ವರ್ಗಗಳನ್ನು ಸೃಷ್ಟಿಸಿತು. ‘ಪಿ’ ವರ್ಗದ ಪ್ರಮುಖ ವಿಭಾಗಗಳಿಗೆ ವರ್ಷಕ್ಕೆ 25,000 ಎಂಬ ಮಿತಿಯನ್ನೂ ಹಾಕಿತ್ತು. ಕಲಾ ಸಂಸ್ಥೆಗಳು ಪ್ರತಿಭಟಿಸಿದ್ದರಿಂದ 1991ರಲ್ಲಿ ತಿದ್ದುಪಡಿ ತಂದು ಮಿತಿಯನ್ನು ಕೈಬಿಡಲಾಯಿತು.

ಈಗಿನ ನಿಯಮಗಳನ್ನು ಸ್ಥೂಲವಾಗಿ ಹೇಳುತ್ತೇನೆ. ‘ಓ-1’ ಎಂಬುದು ಅಸಾಧಾರಣ ಹೆಸರು ಮಾಡಿದ ವ್ಯಕ್ತಿಗೆ. ಆಸ್ಕರ್, ಗ್ರ್ಯಾಮಿಯಂಥ ಪ್ರಶಸ್ತಿ ಇದ್ದರೆ ಸರಿ; ಇಲ್ಲದಿದ್ದರೆ ಕಾನೂನು ಪಟ್ಟಿ ಮಾಡಿದ ಆರು ಬಗೆಯ ಸಾಕ್ಷ್ಯಗಳಲ್ಲಿ ಕನಿಷ್ಠ ಮೂರಾದರೂ ಬೇಕು. ‘ಪಿ-1’ ಅಂತಾರಾಷ್ಟ್ರೀಯ ಖ್ಯಾತಿಯ ತಂಡಗಳಿಗೆ. ಅಲ್ಲಿ ನೂರಕ್ಕೆ 75ರಷ್ಟು ಸದಸ್ಯರು ಕನಿಷ್ಠ ಒಂದು ವರ್ಷ ಆ ತಂಡದಲ್ಲಿದ್ದಿರಬೇಕು. ‘ಪಿ-2’ ಎರಡು ದೇಶಗಳ ಸಂಘಟನೆಗಳ ನಡುವಿನ ವಿನಿಮಯಕ್ಕೆ. ‘ಪಿ-3’ ಮಾತ್ರ ನಮಗೆ ಹತ್ತಿರದ್ದು. ಒಂದು ಸಂಸ್ಕೃತಿಗೆ ವಿಶಿಷ್ಟವಾದ ಕಲೆಯನ್ನು ಪ್ರದರ್ಶಿಸಲು ಅಥವಾ ಕಲಿಸಲು ಬರುವವರಿಗಾಗಿ ಅದು ಇದೆ. ಇಲ್ಲಿ ಜಗತ್ಪ್ರಸಿದ್ಧರಾಗಿರಬೇಕೆಂದಿಲ್ಲ, ಕಲೆಯ ವೈಶಿಷ್ಟ್ಯ ರುಜುವಾತಾಗಬೇಕು, ಕಲಾವಿದನಿಗೆ ಅದರಲ್ಲಿ ನೈಪುಣ್ಯವಿದೆಯೆಂದು ಬಲ್ಲವರು ಹೇಳಬೇಕು. ಯಕ್ಷಗಾನ, ತೊಗಲುಗೊಂಬೆಯಾಟ, ಡೊಳ್ಳು ಕುಣಿತ ಇವೆಲ್ಲ ಸಹಜವಾಗಿ ಇಲ್ಲಿಗೆ ಸೇರುತ್ತವೆ.

ಇನ್ನು ಮುಖ್ಯ ಸಂಗತಿ. ಈ ಯಾವ ವರ್ಗದಲ್ಲೂ ಕಲಾವಿದ ತನ್ನ ಪರವಾಗಿ ತಾನೇ ಅರ್ಜಿ ಹಾಕುವಂತಿಲ್ಲ. ಅಮೆರಿಕದಲ್ಲಿರುವ ಉದ್ಯೋಗದಾತ, ಪ್ರಾಯೋಜಕ ಸಂಸ್ಥೆ ಅಥವಾ ಏಜೆಂಟ್ ಹಾಕಬೇಕು. ಎಲ್ಲೆಲ್ಲಿ, ಯಾವಾಗ ಪ್ರದರ್ಶನ, ಏನು ಸಂಭಾವನೆ, ಯಾವ ಕರಾರು ಎಂಬುದೆಲ್ಲ ಅರ್ಜಿಯಲ್ಲಿರಬೇಕು. ಅವಧಿಗೆ ಮುಂಚೆ ಕಲಾವಿದನನ್ನು ಕೆಲಸದಿಂದ ತೆಗೆದರೆ ಅವನನ್ನು ಊರಿಗೆ ತಲುಪಿಸುವ ನ್ಯಾಯವಾದ ಖರ್ಚು ಅರ್ಜಿದಾರನ ಮೇಲೂ ಬೀಳುತ್ತದೆ. ಹಾಗಾಗಿ ಇದು ಬರಿಯ ಆಹ್ವಾನಪತ್ರವಲ್ಲ. ನಮ್ಮಲ್ಲಿ ಸಾಲಕ್ಕೆ ಜಾಮೀನು ಹಾಕಿದಂತೆಯೇ, ಒಂದು ಕಲೆಗೆ ಜಾಮೀನು ನಿಂತ ಹಾಗೆ.

ಜಾಮೀನಿಗೆ ಖರ್ಚೂ ಇದೆ. 2024ರ ಏಪ್ರಿಲ್ 1ರವರೆಗೆ ಅರ್ಜಿ ಶುಲ್ಕ 460 ಡಾಲರ್ ಇತ್ತು. ಅಂದು ಅದು ‘ಪಿ’ ವರ್ಗಕ್ಕೆ 1,015 ಡಾಲರ್‌ಗೆ ಏರಿತು. ಮೇಲೆ ಇನ್ನೂ 600 ಡಾಲರ್‌ನ ಹೆಚ್ಚುವರಿ ಶುಲ್ಕ. ಲಾಭರಹಿತ ಸಂಸ್ಥೆಗಳಿಗೆ ರಿಯಾಯಿತಿ ಸಿಕ್ಕಿ 510 ಡಾಲರ್ ಆಯಿತು, ಹೆಚ್ಚುವರಿ ಶುಲ್ಕ ತಪ್ಪಿತು. ಒಂದು ಅರ್ಜಿಯಲ್ಲಿ 25ಕ್ಕಿಂತ ಹೆಚ್ಚು ಹೆಸರು ಸೇರಿಸುವಂತಿಲ್ಲ ಎಂಬ ನಿಯಮವೂ ಆಗಲೇ ಬಂತು. ನಮ್ಮ ತಂಡಗಳಿಗೆ ಇದು ಅಡ್ಡಿಯಲ್ಲ. ದೊಡ್ಡ ವಾದ್ಯವೃಂದಗಳಿಗೆ ಮಾತ್ರ ಅರ್ಜಿಗಳು ಮೂರು, ನಾಲ್ಕು ಆದವು. ಅರ್ಜಿ ಮಂಜೂರಾದರೂ ಕೆಲಸ ಮುಗಿಯದು. ವೀಸಾ ಸಂದರ್ಶನ ಬೇರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಹೆಸರಾಂತ ಹಾಲೆ ವಾದ್ಯವೃಂದ ತನ್ನ ಅಷ್ಟೂ ಜನರನ್ನು ಲಂಡನ್ನಿಗೆ ಸಂದರ್ಶನಕ್ಕೆ ಕಳುಹಿಸುವ ಖರ್ಚು, ತಾಪತ್ರಯ ನೋಡಿ 2006ರಲ್ಲಿ ಅಮೆರಿಕ ಪ್ರವಾಸವನ್ನೇ ಕೈಬಿಟ್ಟಿತು.

ಹಣದ ಮಾತು ಹಾಗಿರಲಿ. ‘ಸಂಸ್ಕೃತಿಗೆ ವಿಶಿಷ್ಟವಾದ ಕಲೆ’ ಯಾವುದೆಂದು ತೀರ್ಮಾನಿಸುವವರು ಯಾರು? ಲಾಸ್ ಏಂಜಲೀಸ್ ನಗರದ ಸ್ಕರ್ಬಾಲ್ ಸಾಂಸ್ಕೃತಿಕ ಕೇಂದ್ರ 2009ರಲ್ಲಿ ಅರ್ಜೆಂಟೀನಾದ ‘ಒರ್ಕೆಸ್ತಾ ಕೆಫ್’ ಎಂಬ ತಂಡಕ್ಕಾಗಿ ಪಿ-3 ಅರ್ಜಿ ಹಾಕಿತು. ಪೂರ್ವ ಯುರೋಪಿನ ಯಹೂದಿಗಳ ಕ್ಲೆಜ್ಮರ್ ಸಂಗೀತವನ್ನೂ ಲ್ಯಾಟಿನ್ ಅಮೆರಿಕದ ಲಯಗಳನ್ನೂ ಬೆಸೆದು ನುಡಿಸುವ ತಂಡ ಅದು. ಇದು ಮಿಶ್ರಣ, ಯಾವ ಒಂದು ಸಂಸ್ಕೃತಿಗೂ ವಿಶಿಷ್ಟವಲ್ಲ ಎಂದು ವಲಸೆ ಇಲಾಖೆ ಅರ್ಜಿಯನ್ನು ತಳ್ಳಿಹಾಕಿತು. ಪ್ರಕರಣ ಇಲಾಖೆಯ ಮೇಲ್ಮನವಿ ಕಚೇರಿಯ ಮುಂದೆ ಹೋಯಿತು. 2012ರ ಮೇ ತಿಂಗಳಲ್ಲಿ ಆ ಕಚೇರಿ ಕೆಳಗಿನ ನಿರ್ಧಾರವನ್ನು ರದ್ದುಪಡಿಸಿತು. ವಿಶಿಷ್ಟ ಕಲೆಯೆಂದರೆ ಪುರಾತನ ಕಲೆ ಮಾತ್ರವಲ್ಲ. ಎರಡು ಪರಂಪರೆಗಳು ಒಂದು ಸಮುದಾಯದ ಬದುಕಿನಲ್ಲಿ ಬೆರೆತು ಹುಟ್ಟಿದ ಕಲೆಯೂ ಆ ಸಮುದಾಯಕ್ಕೆ ವಿಶಿಷ್ಟವಾಗಬಲ್ಲದು ಎಂಬುದು ತೀರ್ಪಿನ ಸಾರ. ಮುಂದಿನ ಪ್ರಕರಣಗಳಿಗೂ ಅದು ಪೂರ್ವನಿದರ್ಶನವಾಯಿತು. ಅಷ್ಟರಲ್ಲಿ ಕಾರ್ಯಕ್ರಮದ ದಿನಾಂಕ ಕಳೆದು ಎರಡು ವರ್ಷ ದಾಟಿತ್ತು ಎಂಬುದು ಬೇರೆ ಮಾತು.

ಈ ತೀರ್ಪು ನಮಗೂ ಸಂಬಂಧಿಸಿದ್ದೇ. ಇಂಗ್ಲಿಷಿನಲ್ಲಿ ಆಡುವ ಯಕ್ಷಗಾನ, ಶೇಕ್ಸ್‌ಪಿಯರ್‌ನ ಕಥೆಗೆ ಕಟ್ಟಿದ ಪ್ರಸಂಗ ಇವೆಲ್ಲ ಯಕ್ಷಗಾನವೇ ಅಲ್ಲವೇ ಎಂದು ನಾವು ಇಲ್ಲಿ ವಾದ ಮಾಡುತ್ತೇವೆ. ಅದೇ ಪ್ರಶ್ನೆಯನ್ನು ಅಲ್ಲೊಬ್ಬ ಅಧಿಕಾರಿ, ಚೆಂಡೆಯ ದನಿಯನ್ನೇ ಕೇಳದವರು, ಬರಿಯ ಕಾಗದ ನೋಡಿ ತೀರ್ಮಾನಿಸಬೇಕಾಗುತ್ತದೆ.

ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಅವರ ಸಂಶಯಕ್ಕೆ ಕಾರಣಗಳೂ ಇವೆ. ನೃತ್ಯ ತಂಡದ ಸದಸ್ಯರೆಂದು ಹೇಳಿ ಕಲೆಯ ಗಂಧವಿಲ್ಲದವರನ್ನು ಹಣ ಪಡೆದು ವಿದೇಶಕ್ಕೆ ಸಾಗಿಸುವ ದಂಧೆಗೆ ಪಂಜಾಬಿನ ಕಡೆ ‘ಕಬೂತರ್‌ಬಾಜಿ’, ಅಂದರೆ ಪಾರಿವಾಳ ಹಾರಿಸುವುದು ಎಂಬ ಹೆಸರೇ ಇದೆ. ಹೀಗೆ ಒಂದು ಸುಳ್ಳು ಹೆಸರು ಪಟ್ಟಿಯಲ್ಲಿ ಸೇರಿದರೆ, ಅದರ ಪೆಟ್ಟು ಮುಂದಿನ ವರ್ಷ ಹೋಗುವ ನಿಜವಾದ ಕಲಾವಿದನಿಗೆ ಬೀಳುತ್ತದೆ. ‘ಸುಮ್ಮನೆ ಪ್ರವಾಸಿ ವೀಸಾದಲ್ಲಿ ಬನ್ನಿ, ಸಂಭಾವನೆ ಕೈಗೆ ಕೊಡುತ್ತೇವೆ’ ಎನ್ನುವ ಸಲಹೆಯೂ ಇಂಥದೇ. ಸಿಕ್ಕಿಬಿದ್ದರೆ ಸಲಹೆ ಕೊಟ್ಟವರು ಬಚಾವಾಗುತ್ತಾರೆ. ಪಾಸ್‌ಪೋರ್ಟಿನ ಮೇಲೆ ಮುದ್ರೆ ಬೀಳುವುದು ಕಲಾವಿದನಿಗೆ.

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಕಾಗದ. ಕಲೆಯ ವೈಶಿಷ್ಟ್ಯಕ್ಕೆ ನಮ್ಮಲ್ಲಿ ಸಾಕ್ಷ್ಯದ ಕೊರತೆಯಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕದ ಮಾರ್ತಾ ಆ್ಯಶ್ಟನ್ ಇಲ್ಲಿಗೆ ಬಂದು ಕಲಿತು, ಬ್ರೂಸ್ ಕ್ರಿಸ್ಟಿಯವರ ಜೊತೆಗೂಡಿ 1977ರಲ್ಲಿ ಇಂಗ್ಲಿಷಿನಲ್ಲೇ ಪುಸ್ತಕ ತಂದರು. ಕೊರತೆಯಿರುವುದು ವ್ಯಕ್ತಿಯ ಸಾಕ್ಷ್ಯಕ್ಕೆ. ಈ ಮದ್ದಳೆಗಾರ, ಈ ಚೆಂಡೆಯವರು, ಈ ಬಣ್ಣಗಾರಿಕೆಯವರು ಇಷ್ಟು ವರ್ಷ ಇಂಥ ಮೇಳದಲ್ಲಿದ್ದರು ಎಂದು ಹೇಳುವ ಒಂದು ಚೀಟಿ ಇಲ್ಲ.

ಇದಕ್ಕೆ ನಾನೂ ಹೊಣೆ. ಮದ್ದಳೆಗಾರರ ಮನೆಯಿಂದ ಬಂದ ಮೇಲೆ ನಾನೇ ಬರೆದ ಆಟದ ವರದಿಗಳನ್ನು ತೆಗೆದು ನೋಡಿದೆ. ಅವರು ಬಾರಿಸಿದ ಎರಡು ಆಟಗಳ ವರದಿ ಅದರಲ್ಲಿತ್ತು. ಎರಡರಲ್ಲೂ ಉದ್ಘಾಟಿಸಿದವರ, ಅಧ್ಯಕ್ಷತೆ ವಹಿಸಿದವರ, ವಂದಿಸಿದವರ ಹೆಸರುಗಳಿದ್ದವು. ಕೊನೆಯ ಸಾಲು, ‘ಹಿಮ್ಮೇಳ ಸಮರ್ಥವಾಗಿತ್ತು.’ ಅವರ ಹೆಸರನ್ನು ಬರೆಯಲು ಬೇಕಾಗಿದ್ದದ್ದು ಎರಡೇ ಶಬ್ದ. ಆ ಎರಡು ಶಬ್ದಗಳಿದ್ದರೆ ಅವು ಕಡತದಲ್ಲಿ ಎರಡು ಸಾಕ್ಷ್ಯಗಳಾಗುತ್ತಿದ್ದವು.

ಆದ್ದರಿಂದ ಸಂಘಟಕರಲ್ಲಿ ನನ್ನ ವಿನಂತಿ ಇಷ್ಟು. ಕರಪತ್ರದಲ್ಲಿ ಎಲ್ಲರ ಪೂರ್ತಿ ಹೆಸರು, ದಿನಾಂಕ, ಸ್ಥಳ, ಇಸವಿ ಇರಲಿ. ಇಸವಿ ಹಾಕದ ಕರಪತ್ರಗಳೇ ನಮ್ಮಲ್ಲಿ ಹೆಚ್ಚು. ಮೇಳದ ಯಜಮಾನರು ತಿರುಗಾಟ ಮುಗಿದಾಗ ಪ್ರತಿ ಕಲಾವಿದನಿಗೂ ಒಂದು ಪತ್ರ ಕೊಡಲಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರೂ ಕರಪತ್ರದ ಹೆಸರೂ ಒಂದೇ ಆಗಿರಲಿ; ಊರಿನ ಹೆಸರು ಸೇರಿಸಿ ಕರೆಯುವ ನಮ್ಮ ರೂಢಿ ಅಲ್ಲಿಯವರಿಗೆ ಅರ್ಥವಾಗದು. ಕರೆಸಿಕೊಳ್ಳುವ ಕನ್ನಡ ಕೂಟಗಳು ಹಬ್ಬ ಹತ್ತಿರ ಬಂದಾಗ ಎಚ್ಚರಗೊಳ್ಳುವ ಬದಲು, ಕಾರ್ಯಕ್ರಮಕ್ಕೆ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಲು ಕಾನೂನು ಕೊಟ್ಟಿರುವ ಅವಕಾಶವನ್ನು ಬಳಸಿಕೊಳ್ಳಲಿ.

ಈ ಉಪನ್ಯಾಸಕ್ಕೆ ಬರುವ ಮೊದಲು ಆ ಮದ್ದಳೆಗಾರರಿಗೆ ಫೋನು ಮಾಡಿ, ನಿಮ್ಮ ಹೆಸರು ಹೇಳಲೇ ಎಂದು ಕೇಳಿದೆ. “ಬೇಡ ಮಾರಾಯ. ಬಾರಿಸುವಾಗ ಬರೆಯದ ಹೆಸರು ಈಗ ಯಾಕೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮುಂದಿನ ಶನಿವಾರ ಎಲ್ಲಿ ಆಟ, ಯಾರ ಭಾಗವತಿಕೆ ಎಂದು ಅವರೇ ಹೇಳಿದರು. ನಾನು ಹೋಗುತ್ತಿದ್ದೇನೆ. ಪುಸ್ತಕ, ಪೆನ್ನು ಹಿಡಿದುಕೊಂಡು ಈ ಸಲ ಮೊದಲು ಚೌಕಿಗೆ ಹೋಗುತ್ತೇನೆ.