ಕಳುವಾದ ಸೈಕಲ್ ಮತ್ತೆ ಸಿಕ್ಕೀತೇ?
(ಲಿಂಗನೂರಿನ ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಇವತ್ತಿನ ಮಾತು ಸೈಕಲ್ಲಿನದು. ಸೈಕಲ್ ಅಂದರೆ ಸಣ್ಣ ವಸ್ತು ಅಂತ ಕೆಲವರು ತಿಳಿಯುತ್ತಾರೆ. ಮೋಟಾರು ಇದ್ದವರಿಗೆ ಅದು ಸಣ್ಣದು ಇರಬಹುದು. ದ್ರಾಕ್ಷಿ ತೋಟದ ಕೂಲಿಗೆ ಹೋಗುವವನಿಗೆ ಸಣ್ಣದಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವಳಿಗೆ ಸಣ್ಣದಲ್ಲ. ಸೈಕಲ್ ಹೋದ ದಿನವೇ ಕೂಲಿಗೆ ಹೊತ್ತಾಗುತ್ತದೆ. ಹುಡುಗಿಯ ಶಾಲೆ ತಪ್ಪುತ್ತದೆ. ಆಮೇಲೆ ಇನ್ನೊಂದು ಸೈಕಲ್ಲಿಗೆ ಸಾಲ ಮಾಡಬೇಕು.

ನಮ್ಮ ಸೀಮೆಗೆ ಸೈಕಲ್ ಹೊಸದೇನಲ್ಲ. 1888ರಲ್ಲಿಯೇ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದರು. ಅವರ ಉದ್ಯೋಗ ಬೆಳೆದು ನೇಗಿಲಿನ ಕಾರಖಾನೆ ಆಯಿತು. 1910ರಲ್ಲಿ ಅದು ಇಂದಿನ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಬಂತು. ಅಷ್ಟು ಹಳೆಯ ನಂಟು ನಮ್ಮದು. ಸೈಕಲ್ ಕದಿಯುವವರ ನಂಟೂ ಅಷ್ಟೇ ಹಳೆಯದು ಇದ್ದೀತು, ಬಿಡಿ.

ಈಗ ಪ್ರಶ್ನೆಗೆ ಬರೋಣ. ಕಳುವಾದ ಸೈಕಲ್ ಸಿಗುತ್ತದೆಯೇ? ಸುಳ್ಳು ಧೈರ್ಯ ಹೇಳುವುದಿಲ್ಲ. ಸಿಗುವುದು ಕಡಿಮೆ. ಮೋಟಾರು ಸೈಕಲ್ಲಿಗೆ ಸರಕಾರ ನಂಬರು ಕೊಡುತ್ತದೆ. ಯಾರದು ಎಂಬುದು ಆರ್.ಟಿ.ಓ. ಕಚೇರಿಯಲ್ಲಿ ಬರೆದಿರುತ್ತದೆ. ನಮ್ಮ ಕಾಲು ತುಳಿಯುವ ಸೈಕಲ್ಲಿಗೆ ಅದು ಇಲ್ಲ. ಹಿಂದಿನ ಕಾಲದಲ್ಲಿ ಅನೇಕ ಊರುಗಳಲ್ಲಿ ಸೈಕಲ್ಲಿಗೆ ತೆರಿಗೆ ಇತ್ತು. ತೆರಿಗೆ ಕಟ್ಟಿದವರಿಗೆ ನಂಬರಿನ ಬಿಲ್ಲೆ ಕೊಡುತ್ತಿದ್ದರು. ಹಿರಿಯರು ನೆನಪು ಮಾಡಿಕೊಳ್ಳಿ. ತೆರಿಗೆ ಹೋಯಿತು, ಬಿಲ್ಲೆಯೂ ಹೋಯಿತು. ಜಪಾನ್ ದೇಶದಲ್ಲಿ 1994ರಿಂದ ಎಲ್ಲ ಸೈಕಲ್ಲುಗಳ ನೋಂದಣಿ ಕಡ್ಡಾಯ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ ನಂಬರು ನೋಡಿದರೆ ಸಾಕು, ಯಾರದು ಅಂತ ತಿಳಿಯುತ್ತದೆ. ನಮ್ಮಲ್ಲಿ ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಇಲ್ಲಿ ಒಂದು ಸಿನಿಮಾದ ಕಥೆ ಹೇಳುತ್ತೇನೆ. ಇಟಲಿ ದೇಶದಲ್ಲಿ 1948ರಲ್ಲಿ ತೆಗೆದದ್ದು. ಹೆಸರು ‘ಬೈಸಿಕಲ್ ಥೀವ್ಸ್’, ಅಂದರೆ ಸೈಕಲ್ ಕಳ್ಳರು. ರೋಮ್ ಪಟ್ಟಣದ ಒಬ್ಬ ಬಡವನಿಗೆ ಬಹಳ ದಿನದ ಮೇಲೆ ಕೆಲಸ ಸಿಗುತ್ತದೆ. ಗೋಡೆಗೆ ಚಿತ್ರ ಅಂಟಿಸುವ ಕೆಲಸ. ಸೈಕಲ್ ಇದ್ದರೆ ಮಾತ್ರ ಕೆಲಸ. ಅವನ ಸೈಕಲ್ ಒತ್ತೆ ಬಿದ್ದಿರುತ್ತದೆ. ಹೆಂಡತಿ ಹಾಸಿಗೆಯ ಬಟ್ಟೆಗಳನ್ನು ಒತ್ತೆ ಇಟ್ಟು ಸೈಕಲ್ ಬಿಡಿಸುತ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತದೆ. ಪೊಲೀಸರು ತಕರಾರು ಬರೆದುಕೊಳ್ಳುತ್ತಾರೆ. ಹುಡುಕುವ ಕೆಲಸ ಅವನಿಗೇ ಬೀಳುತ್ತದೆ. ಅವನು ಸಣ್ಣ ಮಗನ ಕೈ ಹಿಡಿದು ಹಳೆ ಸಾಮಾನಿನ ಪೇಟೆಗೆ ಹೋಗುತ್ತಾನೆ. ಅಲ್ಲಿ ಒಂದು ಕಡೆ ಬರೀ ಚಕ್ರ, ಒಂದು ಕಡೆ ಬರೀ ಗಂಟೆ, ಒಂದು ಕಡೆ ಬರೀ ಫ್ರೇಮು. ಯಾವುದು ತನ್ನದು? ಒಬ್ಬನು ಒಂದು ಫ್ರೇಮಿಗೆ ಬಣ್ಣ ಹಚ್ಚುತ್ತಿರುತ್ತಾನೆ. ಇವನಿಗೆ ಸಂಶಯ. ಪೊಲೀಸನನ್ನು ಕರೆಸಿ ನಂಬರು ನೋಡಿಸುತ್ತಾನೆ. ನಂಬರು ಬೇರೆ. ಮುಂದೆ ಕಳ್ಳನೂ ಎದುರಿಗೆ ಸಿಗುತ್ತಾನೆ. ಆದರೆ ಸಾಕ್ಷಿ ಇಲ್ಲ, ಸೈಕಲ್ಲೂ ಅವನ ಮನೆಯಲ್ಲಿ ಇಲ್ಲ. ಬರಿಗೈಲಿ ತಿರುಗಬೇಕಾಗುತ್ತದೆ.

ನೋಡ್ರಿ, ಆ ಬಡವನಿಗೆ ಕಳ್ಳ ಸಿಕ್ಕ, ಸೈಕಲ್ ಸಿಗಲಿಲ್ಲ. ನಮ್ಮಲ್ಲಿ ಇದು ತಿರುವುಮುರುವು ಆಗುವುದುಂಟು. ಪೊಲೀಸರು ಒಬ್ಬ ಕಳ್ಳನನ್ನು ಹಿಡಿದರೆ ಒಮ್ಮೊಮ್ಮೆ ಅವನ ಹತ್ತಿರ ಐದಾರು ಸೈಕಲ್ ಸಿಗುತ್ತವೆ. ಅವು ಠಾಣೆಯ ಹಿಂದೆ ಬಿಸಿಲಿನಲ್ಲಿ ನಿಲ್ಲುತ್ತವೆ. ಅವುಗಳಲ್ಲಿ ನಿಮ್ಮದು ಯಾವುದು? ಕರಿ ಸೈಕಲ್ ಅಂದರೆ ಎಲ್ಲವೂ ಕರಿ. ಕರ್ನಾಟಕದಲ್ಲಿ 2006-07ರಿಂದ ಎಂಟನೇ ಇಯತ್ತೆಯ ಮಕ್ಕಳಿಗೆ ಸರಕಾರ ಪುಕ್ಕಟೆ ಸೈಕಲ್ ಕೊಡತೊಡಗಿತ್ತು. ಒಂದು ಶಾಲೆಯ ಅಂಗಳದಲ್ಲಿ ನೂರು ಸೈಕಲ್ ನಿಂತರೆ ನೂರೂ ಒಂದೇ ರೂಪ. ಮಕ್ಕಳು ತಮ್ಮದು ಗುರುತಿಸಲು ದಾರ ಕಟ್ಟುತ್ತಿದ್ದರು, ಹೆಸರು ಬರೆಸುತ್ತಿದ್ದರು. ದಾರ ಹರಿಯಬಹುದು, ಬಣ್ಣ ಕೆರೆಯಬಹುದು. ಕಬ್ಬಿಣದಲ್ಲಿ ಒತ್ತಿದ ನಂಬರು ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಆ ನಂಬರು ಎಲ್ಲಿರುತ್ತದೆ? ಸೀಟಿನ ಕೆಳಗಿನ ಕೊಳವೆಯ ಮೇಲೆ ನೋಡಿ. ಅಲ್ಲಿ ಇಲ್ಲದಿದ್ದರೆ ಸೈಕಲ್ ತಲೆಕೆಳಗೆ ಮಾಡಿ, ಪೆಡಲು ತಿರುಗುವ ಜಾಗದ ಅಡಿಯಲ್ಲಿ ನೋಡಿ. ಕೆಸರು, ಗ್ರೀಸು ಮೆತ್ತಿರುತ್ತದೆ. ಸೀಮೆಎಣ್ಣೆಯ ಅರಿವೆಯಿಂದ ಒರೆಸಿರಿ. ನಂಬರಿನ ಸಂಗಡ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ನಾವು ಕಲಿತದ್ದು ಕನ್ನಡ ಅಕ್ಷರ, ಇದು ಹೇಗೆ ಅಂತ ಗಾಬರಿ ಆಗಬೇಡಿ. ಒಂದು ತೆಳ್ಳನೆಯ ಹಾಳೆ ಅದರ ಮೇಲೆ ಇಡಿ. ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿ. ನಂಬರು ಹಾಳೆಯ ಮೇಲೆ ತಾನೇ ಮೂಡುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರೂ ಆಯಿತು. ಆ ಹಾಳೆಯನ್ನು ಅಂಗಡಿಯ ಪಾವತಿಯ ಸಂಗಡ ರೇಶನ್ ಕಾರ್ಡಿನ ಚೀಲದಲ್ಲಿ ಇಡಿ. ಪಾವತಿ ಕೇಳಿ ತೆಗೆದುಕೊಳ್ಳಿ. ಪಾವತಿಯಲ್ಲಿ ನಂಬರು ಬರೆಸಿರಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ದುಡ್ಡು ಕೊಡುವವರು ನೀವು.

ಇನ್ನು ಠಾಣೆಯ ಮಾತು. ಇದನ್ನು ಸಾವಕಾಶ ಕೇಳಿರಿ. 2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕಾಯಿದೆ ಬಂದಿದೆ. ಭಾರತೀಯ ನ್ಯಾಯ ಸಂಹಿತೆ ಅಂತ ಅದರ ಹೆಸರು. ಅದರ 303ನೇ ಕಲಮು ಕಳವಿನದು. ಶಿಕ್ಷೆ ಮೂರು ವರ್ಷದವರೆಗೆ ಇದೆ. ಆದರೆ ಕಳುವಾದ ವಸ್ತುವಿನ ಬೆಲೆ 5000 ರೂಪಾಯಿಗೆ ಕಡಿಮೆ ಇದ್ದರೆ ಸಂಗತಿ ಬೇರೆ. ಆಗ ಪೊಲೀಸರು ತಾವೇ ತನಿಖೆ ಸುರು ಮಾಡುವಂತಿಲ್ಲ. ತಕರಾರನ್ನು ಪುಸ್ತಕದಲ್ಲಿ ಬರೆದುಕೊಂಡು, ನಿಮ್ಮನ್ನು ಮ್ಯಾಜಿಸ್ಟ್ರೇಟರ ಹತ್ತಿರ ಹೋಗಲು ಹೇಳುತ್ತಾರೆ. ಇದಕ್ಕೆ ನಮ್ಮ ಕಡೆ ಎನ್.ಸಿ. ಅಂತ ಕರೆಯುತ್ತಾರೆ. ಮ್ಯಾಜಿಸ್ಟ್ರೇಟರು ಅಪ್ಪಣೆ ಕೊಟ್ಟರೆ ಮಾತ್ರ ತನಿಖೆ. ಹಳೆಯ ಕಾಯಿದೆಯಲ್ಲಿ ಕಳವಿಗೆ ಬೆಲೆಯ ಈ ಗೆರೆ ಇರಲಿಲ್ಲ. ಬಡವರ ಹಳೆ ಸೈಕಲ್ ಹೆಚ್ಚಾಗಿ ಈ ಗೆರೆಯ ಕೆಳಗೇ ಬೀಳುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಐದು ಸಾವಿರ ಯಾರಿಗೆ ಸಣ್ಣದು, ಯಾರಿಗೆ ದೊಡ್ಡದು ಅಂತ ಕೇಳಬೇಕಾಗಿತ್ತು. ಆದರೆ ಕಾಯಿದೆ ಹೀಗಿದೆ, ತಿಳಿದು ನಡೆಯಬೇಕು.

ಹೊಸ ಸೈಕಲ್ಲಾದರೆ ಐದು ಸಾವಿರ ದಾಟಿರಬಹುದು. ಅದನ್ನು ತೋರಿಸಲು ಪಾವತಿ ಬೇಕು. ಇನ್ನೊಂದು ಮಾತು. ಮನೆಯ ಒಳಗಿನಿಂದ ಕದ್ದರೆ ಅದಕ್ಕೆ 305ನೇ ಕಲಮು. ಅಲ್ಲಿ ಬೆಲೆಯ ಲೆಕ್ಕ ಇಲ್ಲ, ಪೊಲೀಸರು ತಾವೇ ತನಿಖೆ ಮಾಡಬಹುದು. ಶಿಕ್ಷೆಯೂ ಏಳು ವರ್ಷದವರೆಗೆ ಇದೆ. ಅದಕ್ಕೇ ಸೈಕಲ್ ಎಲ್ಲಿಂದ ಹೋಯಿತು, ಪಡಸಾಲೆಯಿಂದಲೋ ಬೀದಿಯಿಂದಲೋ, ಇದ್ದದ್ದು ಇದ್ದ ಹಾಗೆ ಬರೆಸಿರಿ.

ಬರೀ ಎನ್.ಸಿ. ಆಯಿತು, ಇನ್ನೇನು ಉಪಯೋಗ ಅಂತ ಮನೆಗೆ ಬರಬೇಡಿ. ಅದರಲ್ಲಿ ಫ್ರೇಮಿನ ನಂಬರು ಬರೆಸಿದ್ದರೆ ಉಪಯೋಗ ಇದೆ. ನಾಳೆ ಬೇರೆ ಕೇಸಿನಲ್ಲಿ ಕಳ್ಳ ಸಿಕ್ಕು ಸೈಕಲ್ಲುಗಳು ಬಂದರೆ, ನಂಬರು ತಾಳೆ ನೋಡಬಹುದು. ನಂಬರು ಇಲ್ಲದ ತಕರಾರಿನಿಂದ ಏನು ತಾಳೆ ನೋಡುವುದು?

ಠಾಣೆಯಲ್ಲಿ ಬರೆಯುವುದು ಮರಾಠಿಯಲ್ಲಿ. ನೀವು ಬಾಯಿಂದ ಹೇಳಿದ್ದನ್ನು ಬರೆದುಕೊಂಡ ಮೇಲೆ ಓದಿ ಹೇಳಬೇಕು, ಇದು ಕಾಯಿದೆ. ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಹೆಬ್ಬೆಟ್ಟು ಬೇಡ, ಈಗ ನಿಮಗೆ ಸಹಿ ಬರುತ್ತದೆ. ಅಂಕಿಗಳನ್ನು ನಿಮ್ಮ ಹಾಳೆಯ ಜೊತೆ ಒಂದೊಂದಾಗಿ ಹೋಲಿಸಿ. ಒಂದು ಅಂಕಿ ತಪ್ಪಿದರೂ ಸೈಕಲ್ ಬೇರೆಯವರದಾಯಿತು. ಎಫ್.ಐ.ಆರ್. ಆದರೆ ಅದರ ನಕಲು ಪುಕ್ಕಟೆ ಕೊಡಬೇಕು. ಎಫ್.ಐ.ಆರ್. ಆಗಬೇಕಾದ ಕಳವನ್ನು ಬರೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಅಧೀಕ್ಷಕರಿಗೆ, ಅಂದರೆ ಸಾಂಗಲಿಯ ಎಸ್.ಪಿ. ಸಾಹೇಬರಿಗೆ, ಟಪಾಲಿನಲ್ಲಿ ಕಾಗದ ಹಾಕಬಹುದು.

ನಾವು ಗಡಿಯ ಮಂದಿ. ಇಲ್ಲಿ ಕದ್ದದ್ದು ಸಂಜೆಗೆ ಕಾಗವಾಡ, ಅಥಣಿ ಕಡೆ ಹೋದೀತು. ಅಲ್ಲಿ ಸೋವಿಯಲ್ಲಿ ಮಾರಿಯಾರು. ಅಲ್ಲಿಯದು ಇಲ್ಲಿಗೆ ಬಂದೀತು. ಎಫ್.ಐ.ಆರ್. ಆಗುವ ಕಳವಾದರೆ ಯಾವ ಠಾಣೆಯಲ್ಲಿ ಬೇಕಾದರೂ ಬರೆಸಬಹುದು, ನಮ್ಮ ಹದ್ದಿನದಲ್ಲ ಅಂತ ತಿರುಗಿ ಕಳಿಸುವಂತಿಲ್ಲ. ಕೊಳ್ಳುವಾಗಲೂ ಎಚ್ಚರ ಬೇಕು. ಕದ್ದ ಮಾಲು ಅಂತ ಗೊತ್ತಿದ್ದು ಕೊಂಡರೆ ಕೊಂಡವರಿಗೂ ಮೂರು ವರ್ಷದವರೆಗೆ ಶಿಕ್ಷೆ ಇದೆ. ಗುರುತಿಲ್ಲದವನು ಸಂತೆಯಲ್ಲಿ ಸಾವಿರ ರೂಪಾಯಿಗೆ ಹೊಸ ಸೈಕಲ್ ಕೊಡುತ್ತೇನೆ ಅಂದರೆ, ಅದು ಎಲ್ಲಿಯದು ಅಂತ ನಿಮಗೇ ತಿಳಿಯಬೇಕು.

ಸೈಕಲ್ ಸಿಕ್ಕಿತು ಅನ್ನಿ. ಆಗಲೂ ಠಾಣೆಯಿಂದ ನೇರ ಮನೆಗೆ ತರಲು ಆಗದಿರಬಹುದು. ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಾಗುತ್ತದೆ. ಅರ್ಜಿ ಕೊಟ್ಟು, ಪಾವತಿ ಮತ್ತು ನಂಬರು ತೋರಿಸಿ, ಕೋರ್ಟು ಕರೆದಾಗ ತರುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳಬೇಕು. ವಸ್ತುಗಳನ್ನು ಬಹಳ ದಿನ ಠಾಣೆಯಲ್ಲಿ ಕೊಳೆಯಲು ಬಿಡಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಯಾರದೆಂದು ತಿಳಿಯದ ಮಾಲಿಗೆ ಕೋರ್ಟು ಜಾಹೀರು ಮಾಡಿ ಆರು ತಿಂಗಳ ಮುದ್ದತ್ತು ಕೊಡುತ್ತದೆ. ಅಷ್ಟರಲ್ಲಿ ಯಾರೂ ತಮ್ಮದೆಂದು ತೋರಿಸದಿದ್ದರೆ ಅದು ಸರಕಾರಕ್ಕೆ ಸೇರುತ್ತದೆ, ಲಿಲಾವೂ ಆಗಬಹುದು. ಅದಕ್ಕೇ ತಕರಾರು ಬರೆಸಿ ಸುಮ್ಮನೆ ಕೂಡಬೇಡಿ. ಮಿರಜಕ್ಕೆ ಸಂತೆಗೆ, ದವಾಖಾನೆಗೆ ಹೋಗುತ್ತೀರಿ. ಹೋದಾಗೊಮ್ಮೆ ತಕರಾರು ಕೊಟ್ಟ ಠಾಣೆಗೆ ಹೋಗಿ, ಸೈಕಲ್ ಏನಾದರೂ ಬಂದಿವೆಯೇ ಅಂತ ಕೇಳಿರಿ.

ಹೊರಗೆ ಗೋಡೆಗೆ ಏಳೆಂಟು ಸೈಕಲ್ ನಿಂತಿವೆ. ನಾನು ಬ್ಯಾಟರಿ, ಹಾಳೆ, ಪೆನ್ಸಿಲು ತಂದಿದ್ದೇನೆ. ಬನ್ನಿ, ಮೊದಲು ಯಾರ ಸೈಕಲ್ ತಲೆಕೆಳಗೆ ಮಾಡೋಣ?